ವಾಕ್ಯದಿಂದ ಕಾಣೆಯಾದವರು

ಷಿಕಾಗೋ ನಗರದ ಬಾರುಗಳಲ್ಲಿ ಹುಡುಗನಾಗಿದ್ದಾಗಲೇ ಪಿಯಾನೋ ನುಡಿಸುತ್ತಿದ್ದ ಹೋವರ್ಡ್ ಬೆಕರ್ ಮುಂದೆ ಹೆಸರಾಂತ ಸಮಾಜಶಾಸ್ತ್ರಜ್ಞರಾದರು. 1928ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಅವರ ಪುಸ್ತಕಗಳಲ್ಲಿ ಮೂರು ನನಗೆ ಯಾವಾಗಲೂ ಒಟ್ಟಿಗೇ ನೆನಪಾಗುತ್ತವೆ. 1963ರ ‘ಔಟ್‌ಸೈಡರ್ಸ್’ ದಾರಿ ತಪ್ಪಿದವರೆನಿಸಿಕೊಂಡವರ ಕುರಿತದ್ದು. 1982ರ ‘ಆರ್ಟ್ ವರ್ಲ್ಡ್ಸ್’ ಕಲೆಯ ಕುರಿತದ್ದು. 1986ರಲ್ಲಿ ಬಂದ ಇನ್ನೊಂದು, ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಹೇಗೆ ಬರೆಯಬೇಕೆಂದು ಹೇಳುವಂಥದ್ದು. ಮೇಲ್ನೋಟಕ್ಕೆ ಇವುಗಳಿಗೆ ಸಂಬಂಧವೇ ಇಲ್ಲ. ಆದರೆ ಮೂರರಲ್ಲೂ ಅವರು ಕೇಳುವುದು ಒಂದೇ ಪ್ರಶ್ನೆ: ಇದನ್ನು ಮಾಡಿದವರು ಯಾರು?

ಒಂದು ಕೃತ್ಯ ಅಡ್ಡದಾರಿಯದ್ದು ಎನಿಸುವುದು ಅದರ ಗುಣದಿಂದಲ್ಲ, ಉಳಿದವರು ಅದಕ್ಕೆ ಅಂಟಿಸುವ ಹಣೆಪಟ್ಟಿಯಿಂದ ಎನ್ನುತ್ತಾರೆ ಬೆಕರ್. ನಮ್ಮ ಪಾಳ್ಯ, ಆಲೂರು, ಸಕಲೇಶಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೈನ್ ಮನೆಯ ಆಳು ಸಂತೆಯ ದಿನ ಕುಡಿದರೆ ಅವನು ಕುಡುಕ. ತೋಟದ ಸಾಹುಕಾರರು ಕ್ಲಬ್ಬಿನಲ್ಲಿ ಕುಡಿದರೆ ಅದಕ್ಕೆ ಹೆಸರೇ ಇಲ್ಲ. ನಿಯಮ ಮಾಡುವವರು ಇರುತ್ತಾರೆ. ಅದನ್ನು ಯಾರ ಮೇಲೆ ಹೇರಬೇಕು, ಯಾರನ್ನು ನೋಡಿಯೂ ನೋಡದಂತೆ ಬಿಡಬೇಕು ಎಂದು ತೀರ್ಮಾನಿಸುವವರೂ ಇರುತ್ತಾರೆ.

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಜಿಲ್ಲಾ ಕೇಂದ್ರದಲ್ಲೇ ಇದೆ. ಮಸೀದಿಯಲ್ಲಿ ನಮಾಜು ಮಾಡುವ ಹಕ್ಕು ಹೆಂಗಸರಿಗೂ ಇದೆ ಎಂದು ಹಾಸನದ ಬಾನು ಮುಷ್ತಾಕ್ ವಾದಿಸಿದ್ದಕ್ಕೆ 2000ದಲ್ಲಿ ಅವರ ಕುಟುಂಬವನ್ನು ಸಮುದಾಯದವರೇ ಬಹಿಷ್ಕರಿಸಿದರು. ಬೆದರಿಕೆಯ ಫೋನ್ ಕರೆಗಳೂ ಬಂದವು. 2023ರಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ಮಸೀದಿಗೆ ಬಂದು ನಮಾಜು ಮಾಡಲು ಹೆಂಗಸರಿಗೆ ಅಡ್ಡಿಯಿಲ್ಲ, ಗಂಡಸರೊಡನೆ ಬೆರೆಯಬಾರದು ಅಷ್ಟೆ ಎಂದಿತು. ಕುರ್‌ಆನ್ ಅದೇ, ಹದೀಸ್ ಅದೇ. ಹೇಳುವವರು ಮಾತ್ರ ಬೇರೆ.

ಇಲ್ಲಿ ಒಂದು ತಕರಾರು ಏಳುತ್ತದೆ, ಅದು ನನ್ನದೂ ಹೌದು. ಎಲ್ಲವೂ ಜನ ಅಂಟಿಸುವ ಪಟ್ಟಿಯೇ ಆದರೆ ಪಾಪವೆಂಬುದು ಇಲ್ಲವೇ? ಜುಲ್ಮ್ ಎಂಬುದು ಇಡೀ ಊರು ಒಪ್ಪಿದರೂ ಜುಲ್ಮೇ. ಇದಕ್ಕೆ ಬೆಕರ್ ಅವರ ಪುಸ್ತಕದಲ್ಲಿ ತೃಪ್ತಿಕರ ಉತ್ತರವಿದೆ ಎಂದು ನನಗನಿಸುವುದಿಲ್ಲ. ಆದರೆ ಅವರು ಗುನಾಹ್ ಯಾವುದೆಂದು ಹೇಳಲು ಹೊರಟವರಲ್ಲ. ಗುನಾಹ್ ಬಂದೆಗೂ ಅಲ್ಲಾಹನಿಗೂ ಸಂಬಂಧಿಸಿದ್ದು. ಬಹಿಷ್ಕಾರ ನಾಲ್ಕು ಜನ ಕೂತು ಮಾಡುವ ಕೆಲಸ. ಆ ಲೆಕ್ಕ ಬೇರೆ, ಜಮಾಅತಿನ ರಿಜಿಸ್ಟರ್ ಬೇರೆ.

ಕಲೆಯ ವಿಷಯದಲ್ಲೂ ಬೆಕರ್ ಹೀಗೇ ತಲೆ ಎಣಿಸುತ್ತಾರೆ. ಒಬ್ಬರ ಹೆಸರಿನಲ್ಲಿ ಬರುವ ಕೃತಿಯ ಹಿಂದೆ ಹಲವರ ದುಡಿಮೆಯಿದೆ ಎನ್ನುವುದು ಅವರ ವಾದ. 2025ರ ಮೇ ತಿಂಗಳಲ್ಲಿ ಬಾನು ಅವರ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪಡೆಯಿತಲ್ಲ, ಅದರ 50,000 ಪೌಂಡನ್ನು ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಸಮನಾಗಿ ಹಂಚಿಕೊಂಡರು. ಬಹುಮಾನದ ನಿಯಮವೇ ಹಾಗಿದೆ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರಗಳಲ್ಲಿ ಅಚ್ಚು ಮಾಡಿಸುವುದು ಬೇಡ ಎಂದು ದೀಪಾ ಪಟ್ಟು ಹಿಡಿದದ್ದು, ಅಂಥ ಪುಸ್ತಕವನ್ನು ಶೆಫೀಲ್ಡಿನ ಒಂದು ಸಣ್ಣ ಪ್ರಕಾಶನ ಹೊರತಂದದ್ದು, ಹನ್ನೆರಡು ಕಥೆಗಳನ್ನು ಮೂರು ದಶಕಗಳ ಉದ್ದಕ್ಕೂ ಕನ್ನಡದವರು ಓದಿಕೊಂಡು ಬಂದದ್ದು ಎಲ್ಲವೂ ಆ ಎಣಿಕೆಗೆ ಸೇರುತ್ತವೆ. ಅದೇ ವರ್ಷ ಸರ್ಕಾರ ಬಾನು ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ‘ನೀನು ಹೊರಗಿನವಳು’ ಎನ್ನುವ ಸರದಿ ಬೇರೆಯವರದಾಯಿತು. ಹೈಕೋರ್ಟೂ ಸುಪ್ರೀಂ ಕೋರ್ಟೂ ಅವರ ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಬಾನು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು.

ಇನ್ನು ಬರವಣಿಗೆ. ತಮ್ಮ ಸಿದ್ಧಾಂತವನ್ನು ಒಪ್ಪಿದವರೇ ‘ಇಂಥವರಿಗೆ ಹಣೆಪಟ್ಟಿ ಅಂಟಿಸಲಾಯಿತು’ ಎಂದು ಬರೆಯುವುದನ್ನು ಕಂಡು ಬೆಕರ್ ಬೇಸರಪಟ್ಟಿದ್ದರು. ಅಂಟಿಸಿದವರೇ ಆ ವಾಕ್ಯದಲ್ಲಿಲ್ಲವಲ್ಲ! ಭಾರೀ ಪದಗಳಲ್ಲಿ, ಕರ್ತೃವಿಲ್ಲದ ವಾಕ್ಯಗಳಲ್ಲಿ ಬರೆದರೆ ವಿದ್ವಾಂಸರಂತೆ ಕಾಣುತ್ತೇವೆ, ಯಾರನ್ನೂ ಎದುರು ಹಾಕಿಕೊಳ್ಳದೆ ಪಾರಾಗುತ್ತೇವೆ. ನಾನು ಓದಿದ ಎರಡೂ ಭಾಷೆಗಳಲ್ಲಿ ಈ ಸೌಲಭ್ಯ ಧಾರಾಳವಾಗಿದೆ. ಕಚೇರಿಯ ಕನ್ನಡದಲ್ಲಿ ‘ತೀರ್ಮಾನಿಸಲಾಗಿದೆ’, ಉರ್ದುವಿನಲ್ಲಿ ‘ಫೈಸ್ಲಾ ಕಿಯಾ ಗಯಾ’. ಮನೆಯಲ್ಲಿ, ಬಸ್ಸಿನಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಊರಿನವರು ಹೊರಗೆ ಹಾಕಿದ ಮನೆಯ ಹೆಂಗಸು ‘ನಮ್ಮನ್ನು ಹೊರಗಿಡಲಾಯಿತು’ ಎನ್ನುತ್ತಾಳೆಯೇ? ಯಾರು ಬಾಗಿಲು ಹಾಕಿಕೊಂಡರು, ಯಾರು ಸಲಾಮಿಗೆ ಜವಾಬು ಕೊಡಲಿಲ್ಲ, ಯಾರು ಕತ್ತಲಾದ ಮೇಲೆ ಹಿತ್ತಲಿಂದ ಬಂದು ಮಾತಾಡಿಸಿ ಹೋದರು, ಎಲ್ಲರ ಹೆಸರೂ ಅವಳಿಗೆ ಗೊತ್ತು.

ಬಹಿಷ್ಕಾರದ ನೋಟೀಸನ್ನೂ ಅವಳ ವ್ಯಾಕರಣದಲ್ಲೇ ಬರೆಯಬೇಕೆಂಬ ಕಟ್ಟಳೆ ಇದ್ದಿದ್ದರೆ? ‘ಇಂತಿಂಥ ನಾವು ಇವರ ಮನೆಯ ಮದುವೆಗೆ ಹೋಗುವುದಿಲ್ಲ, ಇವರ ಮಯ್ಯತ್ತಿಗೆ ಹೆಗಲು ಕೊಡುವುದಿಲ್ಲ’ ಎಂದು ಬರೆದು, ಕೆಳಗೆ ಒಬ್ಬೊಬ್ಬರೂ ತಮ್ಮ ಹೆಸರು, ತಂದೆಯ ಹೆಸರು, ರುಜು ಹಾಕಬೇಕು. ನೋಟೀಸನ್ನು ಮಸೀದಿಯ ಬಾಗಿಲಿಗೆ ಅಂಟಿಸಬೇಕು, ಮಕ್ಕಳೂ ಓದುವಂತೆ.