ಅನುಮೋದನೆಯ ಹೊಣೆ

ಜೈನಾಚಾರದಲ್ಲಿ ಪಾಪದ ಲೆಕ್ಕವು ಅದನ್ನು ಮಾಡಿದವನಲ್ಲಿಗೇ ಮುಗಿಯುವುದಿಲ್ಲ. ತಾನೇ ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಇತರರು ಮಾಡಿದ್ದನ್ನು ಕಂಡು ಒಪ್ಪಿದ್ದು ಅನುಮೋದಿತ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಚನಕಾಯಗಳಿಂದಲೂ, ಕೃತಾದಿ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಈ 108ರಲ್ಲಿ 36 ಕೇವಲ ಅನುಮೋದನೆಗೆ ಸೇರಿದವು. ಕೈಯಿಂದ ಏನನ್ನೂ ಮಾಡದ, ಬಾಯಿಂದ ಏನನ್ನೂ ಹೇಳಿಸದ ಮನುಷ್ಯನ ಖಾತೆಯಲ್ಲಿಯೂ ಮೂರರಲ್ಲೊಂದು ಪಾಲು ಬೀಳಬಹುದೆಂಬುದು ಇದರ ತಾತ್ಪರ್ಯ.

ಈ ತತ್ತ್ವವನ್ನು ಸಾರ್ವಜನಿಕ ಜೀವನದಲ್ಲಿ ಪರೀಕ್ಷಿಸಲು ಅಮೆರಿಕದ ಅಧ್ಯಕ್ಷ ಪದವಿಯ ಪ್ರಾಥಮಿಕ ಚುನಾವಣೆಗಳು ತಕ್ಕ ಕ್ಷೇತ್ರವಾಗಿವೆ. ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಬಹುಕಾಲ ಪಕ್ಷದ ಮುಖಂಡರೇ ನಿರ್ಣಯಿಸುತ್ತಿದ್ದರು. 1968ರಲ್ಲಿ ಹ್ಯೂಬರ್ಟ್ ಹಂಫ್ರಿಯವರು ಪ್ರಾಥಮಿಕ ಚುನಾವಣೆಗಳ ಕಣಕ್ಕೆ ಇಳಿಯದೆಯೇ ಷಿಕಾಗೋ ಅಧಿವೇಶನದಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ಅದರಿಂದೆದ್ದ ಅಸಮಾಧಾನದ ಫಲವಾಗಿ ನಿಯಮಗಳು ಬದಲಾಗಿ, 1972ರಿಂದ ಆಯ್ಕೆಯ ಅಧಿಕಾರವು ಬಹುಮಟ್ಟಿಗೆ ಸಾಮಾನ್ಯ ಮತದಾರನ ಕೈಗೆ ಬಂದಿತು. ಆದರೆ ಇಲ್ಲೊಂದು ತೊಡಕಿದೆ. ಸ್ಪರ್ಧಿಗಳೆಲ್ಲರೂ ಒಂದೇ ಪಕ್ಷದವರಾದ್ದರಿಂದ ಅವರ ನೀತಿಗಳಲ್ಲಿ ಅಂತರ ಕಡಿಮೆ. ಹಾಗಾಗಿ ಮತದಾರನ ಗಮನವು ಅವರ ಗುಣ, ಶೀಲ, ಕುಟುಂಬಗಳತ್ತ ಹರಿಯುತ್ತದೆ. ನಿಂದೆಗೆ ಹಾದಿ ಸಲೀಸಾಗುತ್ತದೆ.

ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಸಾರುವುದು, ಈ ನಾಲ್ಕು ನೀಚಗೋತ್ರದ ಆಸ್ರವಕ್ಕೆ ಕಾರಣಗಳೆಂದು ಶಾಸ್ತ್ರ ಹೇಳುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆಗಳು ಸೇರಿವೆ. ಗೃಹಸ್ಥನ ವ್ಯವಹಾರವನ್ನು ಕಣ್ಣಮುಂದಿಟ್ಟುಕೊಂಡು ಹೇಳಿದ ಈ ದೋಷಗಳು ದೂರದ ನಾಡಿನ ರಾಜಕೀಯಕ್ಕೂ ಹೊಂದುವುದನ್ನು ಕಂಡರೆ ಆಚಾರ್ಯರ ದೃಷ್ಟಿಯ ವ್ಯಾಪ್ತಿ ಅರಿವಾಗುತ್ತದೆ.

ಕೂಟಲೇಖವೆಂದರೆ ಖೋಟಾ ಬರಹ. 1972ರ ಫೆಬ್ರವರಿಯಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮತದಾನಕ್ಕೆ ಎರಡು ವಾರಗಳಿರುವಾಗ, ಅಲ್ಲಿನ ಯೂನಿಯನ್ ಲೀಡರ್ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಫ್ರೆಂಚ್ ಕೆನಡಾ ಮೂಲದ ಜನರನ್ನು ಹೀನಾಯವಾಗಿ ಕರೆದ ಮಾತಿಗೆ ಸೆನೆಟರ್ ಎಡ್ಮಂಡ್ ಮಸ್ಕಿಯವರು ನಕ್ಕರೆಂಬುದು ಅದರ ಆರೋಪ. ಆ ರಾಜ್ಯದಲ್ಲಿ ಆ ಮೂಲದ ಮತದಾರರು ಬಹಳ. ಪತ್ರಿಕೆಯು ಮಸ್ಕಿಯವರ ಪತ್ನಿಯನ್ನೂ ಹಳಿದಿತ್ತು. ಮಸ್ಕಿಯವರು ಪತ್ರಿಕಾ ಕಚೇರಿಯ ಮುಂದೆ ಸುರಿಯುವ ಹಿಮದಲ್ಲಿ ನಿಂತು ಉತ್ತರಿಸುವಾಗ ಅವರ ಗಂಟಲು ಕಟ್ಟಿತು. ಅವರು ಅತ್ತರೆಂದು ವರದಿಗಾರರು ಬರೆದರು. ಅದು ಮುಖದ ಮೇಲೆ ಕರಗಿದ ಹಿಮವೆಂದು ಅವರ ಕಡೆಯವರು ಹೇಳಿದರು. ಮಸ್ಕಿಯವರು ಶೇಕಡಾ 46 ಮತ ಪಡೆದು ಗೆದ್ದರೂ, ಶೇಕಡಾ 37 ಪಡೆದ ಜಾರ್ಜ್ ಮೆಕ್‌ಗವರ್ನ್ ಅವರೇ ಮೇಲೆ ಬಂದರೆಂಬ ಅಭಿಪ್ರಾಯ ಹಬ್ಬಿತು. ಪತ್ರ ಬರೆದವನೆನ್ನಲಾದ ವ್ಯಕ್ತಿ ಎಂದೂ ಪತ್ತೆಯಾಗಲಿಲ್ಲ. ಅದೇ ವರ್ಷ ಫ್ಲಾರಿಡಾದಲ್ಲಿ ಮಸ್ಕಿಯವರ ಹೆಸರಿನ ಕಾಗದದ ಮೇಲೆಯೇ ಇತರ ಇಬ್ಬರು ಅಭ್ಯರ್ಥಿಗಳ ಶೀಲವನ್ನು ಹಳಿಯುವ ಸುಳ್ಳು ಪತ್ರಗಳು ಹಂಚಿಕೆಯಾದವು. ಈ ಬಗೆಯ ಕೃತ್ಯಗಳಿಗಾಗಿ ಡೊನಾಲ್ಡ್ ಸೆಗ್ರೆಟ್ಟಿ ಎಂಬಾತನು ತಪ್ಪೊಪ್ಪಿಕೊಂಡು ಸೆರೆವಾಸ ಅನುಭವಿಸಿದನು. ಅವನು ಅಧ್ಯಕ್ಷ ನಿಕ್ಸನ್ನರ ಕಡೆಯವರಿಗಾಗಿ ಕೆಲಸಮಾಡುತ್ತಿದ್ದವನು.

2000ದ ಪ್ರಸಂಗ ಇನ್ನೂ ನೋವಿನದು. ನ್ಯೂ ಹ್ಯಾಂಪ್‌ಶೈರಿನಲ್ಲಿ ಜಾರ್ಜ್ ಬುಷ್ ಅವರನ್ನು ಭಾರಿ ಅಂತರದಿಂದ ಸೋಲಿಸಿದ ಜಾನ್ ಮೆಕೇನ್ ಅವರು ದಕ್ಷಿಣ ಕ್ಯಾರೊಲಿನಾಕ್ಕೆ ಬಂದರು. ಅವರ ಕುಟುಂಬವು ಬಾಂಗ್ಲಾದೇಶದ ಅನಾಥಾಲಯದಿಂದ ತಂದು ದತ್ತು ಪಡೆದ ಒಬ್ಬ ಮಗಳಿದ್ದಳು. ಆ ಮಗುವು ಮೆಕೇನರಿಗೆ ಅಕ್ರಮವಾಗಿ ಹುಟ್ಟಿದ್ದೆಂಬ ಪಿಸುಮಾತು ಕರಪತ್ರ, ದೂರವಾಣಿಗಳ ಮೂಲಕ ಹರಡಿತು. ಮತಸಮೀಕ್ಷೆಯ ಸೋಗಿನಲ್ಲಿ ಪ್ರಶ್ನೆಯ ರೂಪದಲ್ಲಿಯೇ ಆರೋಪವನ್ನು ಬಿತ್ತುವುದು ಇಂಥ ಪ್ರಚಾರದ ಒಂದು ತಂತ್ರ. ಬುಷ್ ಅವರ ಪ್ರಚಾರತಂಡವು ಇದರೊಂದಿಗೆ ತನಗೆ ಸಂಬಂಧವಿಲ್ಲವೆಂದಿತು. ಮೆಕೇನ್ ಅವರು ಶೇಕಡಾ 42ಕ್ಕೆ 53ರಂತೆ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಅನಾಥ ಶಿಶುವಿಗೆ ಆಶ್ರಯ ನೀಡಿದ ಕರುಣಾಕಾರ್ಯವನ್ನೇ ಕಳಂಕವಾಗಿ ಮಾರ್ಪಡಿಸಿದ್ದು ಸದ್ಗುಣಾಚ್ಛಾದನದ ಪರಮಾವಧಿ.

ಇಂಥ ನಡತೆಯನ್ನು ತಡೆಯಲು 2002ರಲ್ಲಿ ರಚಿತವಾದ ಕಾನೂನೊಂದು ವಿಚಾರಾರ್ಹವಾಗಿದೆ. ರಾಷ್ಟ್ರಮಟ್ಟದ ಅಭ್ಯರ್ಥಿಯು ದೂರದರ್ಶನ, ರೇಡಿಯೋ ಜಾಹೀರಾತುಗಳಲ್ಲಿ ಆ ಸಂದೇಶವನ್ನು ತಾನು ಅನುಮೋದಿಸಿರುವುದಾಗಿ ತನ್ನ ಧ್ವನಿಯಲ್ಲೇ ಹೇಳಬೇಕೆಂಬುದು ಅದರ ಒಂದು ವಿಧಿ. ಅನುಮೋದನೆಯೂ ಕರ್ತೃತ್ವದ ಒಂದು ಬಗೆಯೆಂಬುದನ್ನು ಲೌಕಿಕ ಶಾಸನವೂ ಹೀಗೆ ಒಪ್ಪಿಕೊಂಡಿತು. ಆದರೆ 2010ರ ನ್ಯಾಯಾಲಯದ ತೀರ್ಪುಗಳ ನಂತರ, ಅಭ್ಯರ್ಥಿಯೊಡನೆ ಸಮಾಲೋಚಿಸದ ಸ್ವತಂತ್ರ ಸಮಿತಿಗಳು ಮಿತಿಯಿಲ್ಲದೆ ಹಣ ಸಂಗ್ರಹಿಸಿ ವ್ಯಯಮಾಡುವುದು ಸಾಧ್ಯವಾಯಿತು. 2012ರ ಅಯೋವಾ ಸ್ಪರ್ಧೆಯ ಮುನ್ನ ಮಿಟ್ ರಾಮ್ನಿಯವರ ಪರವಾದ ಇಂಥದೊಂದು ಸಮಿತಿಯು ನ್ಯೂಟ್ ಗಿಂಗ್ರಿಚ್ ಅವರ ವಿರುದ್ಧ ಜಾಹೀರಾತುಗಳ ಸುರಿಮಳೆಗರೆಯಿತು. ಮುಂಚೂಣಿಯಲ್ಲಿದ್ದ ಗಿಂಗ್ರಿಚ್ ನಾಲ್ಕನೆಯ ಸ್ಥಾನಕ್ಕೆ ಇಳಿದರು. ಆ ಸಮಿತಿಯೊಡನೆ ಮಾತನಾಡಲು ಕಾನೂನು ತಮಗೆ ಅವಕಾಶ ಕೊಡದೆಂದು ರಾಮ್ನಿಯವರು ಹೇಳಿದರು. ಜಾಹೀರಾತುಗಳ ಕುರಿತ ಸಮಾಲೋಚನೆಯ ಮಟ್ಟಿಗೆ ಮಾತ್ರ ಕಾನೂನಿನ ದೃಷ್ಟಿಯಿಂದ ಆ ಮಾತು ಸರಿ. ಆದರೆ ಬೇಡವೆಂದು ಬಹಿರಂಗವಾಗಿ ಹೇಳಲು ಯಾವ ಕಾನೂನೂ ಅಡ್ಡಿಯಾಗದಿರುವಾಗ, ಲಾಭವನ್ನು ಸ್ವೀಕರಿಸಿ ಮೌನವಾಗಿರುವುದನ್ನು ಶಾಸ್ತ್ರವು ಬೇರೆ ಹೆಸರಿನಿಂದ ಕರೆಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಅಭ್ಯರ್ಥಿಗಳ ವಿಷಯ. ಮತದಾರನ ಪಾಲೇನು? ತಾನು ನಿಂದೆಯ ಪ್ರಚಾರವನ್ನು ಮೆಚ್ಚುವುದಿಲ್ಲವೆಂದು ಅವನು ಹೇಳುತ್ತಾನೆ. ಆದರೂ ಆ ಪ್ರಚಾರ ನಿಲ್ಲುವುದಿಲ್ಲ. ಬೇಡಿಕೆಯಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ಹಣ ಸುರಿದು ಅಂಗಡಿಯಲ್ಲಿ ತುಂಬುವುದಿಲ್ಲ. ಮೋಸಹೋದವನಿಗೆ ಪಾಪವೆಲ್ಲಿಯದೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ವಿಚಾರಿಸಿಯೂ ಸತ್ಯ ತಿಳಿಯದೆ ನಂಬಿದವನು ಕೇವಲ ವಂಚಿತನು. ಆದರೆ ಅಸತ್ಯದ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನು ಮುಂದಿಟ್ಟಿದ್ದಾರೆ. ತನ್ನ ಎದುರಾಳಿಯ ಕುರಿತ ಕೆಟ್ಟ ಸುದ್ದಿಯನ್ನು ಒಳಗೊಳಗೇ ಸಂತೋಷದಿಂದ ಕೇಳಿ, ವಿಚಾರಿಸುವ ಶ್ರಮ ಬೇಡವೆಂದು ಬಿಟ್ಟು, ನೆರೆಯವನಿಗೆ ದಾಟಿಸುವವನು ವಂಚಿತನಲ್ಲ, ಪಾಲುದಾರ.

ಹಾಗೆಂದು ಅಭ್ಯರ್ಥಿಯ ದೋಷವನ್ನು ಹೇಳಲೇಬಾರದೇ? ಟೀಕೆಯ ಜಾಹೀರಾತುಗಳು ಹೊಗಳಿಕೆಯ ಜಾಹೀರಾತುಗಳಿಗಿಂತ ಹೆಚ್ಚಾಗಿ ನೀತಿವಿಷಯಗಳನ್ನು ಕುರಿತಿರುತ್ತವೆ, ಆಧಾರಗಳನ್ನೂ ಹೆಚ್ಚಾಗಿ ಕೊಡುತ್ತವೆಂದು ರಾಜ್ಯಶಾಸ್ತ್ರಜ್ಞ ಜಾನ್ ಗೀರ್ ಅವರು 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದಾರೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ರಾಜ್ಯಭಾರ ವಹಿಸುವವನ ಸಾರ್ವಜನಿಕ ನಡೆಯನ್ನು ಮರೆಮಾಚುವುದೂ ಅಸತ್ಯವೇ. ಆದ್ದರಿಂದ ವಿವೇಕಿಯು ಮೂರು ಪ್ರಶ್ನೆಗಳನ್ನು ಕೇಳಬೇಕು. ಹೇಳಿದ ಮಾತು ನಿಜವೇ? ಅದು ವಹಿಸಲಿರುವ ಹೊಣೆಗೆ ಸಂಬಂಧಿಸಿದ್ದೇ? ಹೇಳಿದವನು ತನ್ನ ಹೆಸರಿನಲ್ಲಿ ಎದುರಿಗೆ ನಿಂತು ಹೇಳಿದನೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ವಿಮರ್ಶೆ. ಮಸ್ಕಿಯವರ ಪತ್ರವೂ ಮೆಕೇನರ ಮಗುವಿನ ಕಥೆಯೂ ಮೂರರಲ್ಲಿ ಒಂದನ್ನೂ ದಾಟಲಾರವು.

ಮತದಾರನು ಅನುಮೋದನೆಯನ್ನು ಹಿಂತೆಗೆದುಕೊಂಡರೆ ಏನಾಗಬಹುದೆಂಬುದಕ್ಕೆ 2004ರ ಅಯೋವಾ ನಿದರ್ಶನ. ಮುಂಚೂಣಿಯಲ್ಲಿದ್ದ ಹೊವಾರ್ಡ್ ಡೀನ್ ಮತ್ತು ರಿಚರ್ಡ್ ಗೆಪಾರ್ಟ್ ಅವರು ಪರಸ್ಪರ ಕಟುವಾದ ಜಾಹೀರಾತುಗಳಲ್ಲಿ ತೊಡಗಿದರು. ಕೊನೆಗೆ ಜಾನ್ ಕೆರಿಯವರಿಗೆ ಶೇಕಡಾ 38, ಜಾನ್ ಎಡ್ವರ್ಡ್ಸ್ ಅವರಿಗೆ ಸುಮಾರು 32 ಬೆಂಬಲ ದೊರೆಯಿತು. ಡೀನ್ 18ಕ್ಕೆ, ಗೆಪಾರ್ಟ್ 11ಕ್ಕೆ ನಿಂತರು. ಬೇರೆ ಕಾರಣಗಳು ಇದ್ದವಾದರೂ, ಇಬ್ಬರ ಕಚ್ಚಾಟದಿಂದ ಬೇಸತ್ತ ಜನರು ಇನ್ನಿಬ್ಬರತ್ತ ತಿರುಗಿದರೆಂದು ಆಗಿನ ವೀಕ್ಷಕರು ಗುರುತಿಸಿದರು.

ಅಭ್ಯರ್ಥಿಗೂ ತಿದ್ದಿಕೊಳ್ಳುವ ಮಾರ್ಗವುಂಟು. ದಕ್ಷಿಣ ಕ್ಯಾರೊಲಿನಾದ ಶಾಸನಭವನದ ಮೇಲೆ ಹಾರುತ್ತಿದ್ದ, ಗುಲಾಮಗಿರಿಯ ಕಾಲದ ನೆನಪನ್ನು ತರುವ ಒಕ್ಕೂಟ ಧ್ವಜದ ವಿಷಯದಲ್ಲಿ ಮೆಕೇನ್ ಅವರು ಪ್ರಚಾರಕಾಲದಲ್ಲಿ ನುಣುಚಿಕೊಂಡು ಮಾತನಾಡಿದ್ದರು. ಸೋತ ಮೇಲೆ, 2000ದ ಏಪ್ರಿಲಿನಲ್ಲಿ ಅದೇ ರಾಜ್ಯಕ್ಕೆ ಮರಳಿ, ನಿಜ ಹೇಳಿದರೆ ಸೋಲುವೆನೆಂಬ ಭಯದಿಂದ ತಾವು ಸತ್ಯವನ್ನು ಬಿಟ್ಟುಕೊಟ್ಟದ್ದಾಗಿ ಜನರ ಮುಂದೆ ಒಪ್ಪಿಕೊಂಡರು. ಅದರಿಂದ ಅವರಿಗೆ ಆಗ ಯಾವ ಪದವಿಯೂ ದೊರೆಯುವಂತಿರಲಿಲ್ಲ. ತನಗಾದ ಅನ್ಯಾಯವನ್ನು ಎಣಿಸುವ ಬದಲು ತನ್ನ ದೋಷವನ್ನು ಹೇಳಿಕೊಳ್ಳುವುದೇ ಆಲೋಚನೆ. ಪ್ರತಿಕ್ರಮಣದ ಹೆಸರನ್ನರಿಯದವರಲ್ಲಿಯೂ ಅದರ ಭಾವ ಮೂಡಬಹುದು.

2024ರ ಜನವರಿಯಲ್ಲಿ ಕೂಟಲೇಖವು ಕೂಟಧ್ವನಿಯಾಗಿ ಬೆಳೆಯಿತು. ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಅಧ್ಯಕ್ಷ ಬೈಡನ್ ಅವರ ಧ್ವನಿಯು ನ್ಯೂ ಹ್ಯಾಂಪ್‌ಶೈರಿನ ಸಾವಿರಾರು ಮನೆಗಳಿಗೆ ಕರೆಮಾಡಿ, ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕದಿರುವಂತೆ ಸೂಚಿಸಿತು. ಅದನ್ನು ಮಾಡಿಸಿದ ಸಲಹೆಗಾರನು, ಈ ತಂತ್ರದ ಅಪಾಯವನ್ನು ಜಗತ್ತಿಗೆ ತೋರಿಸಲೆಂದೇ ಹೀಗೆ ಮಾಡಿದುದಾಗಿ ಹೇಳಿದನು. ಸಂಪರ್ಕ ಆಯೋಗವು ಅವನಿಗೆ 60 ಲಕ್ಷ ಡಾಲರ್ ದಂಡ ವಿಧಿಸಿತು. 2025ರಲ್ಲಿ ರಾಜ್ಯದ ನ್ಯಾಯಾಲಯದಲ್ಲಿ ಜ್ಯೂರಿಯು ಅವನನ್ನು ಅಪರಾಧಿಯಲ್ಲವೆಂದಿತು. ಒಂದೇ ಕೃತ್ಯಕ್ಕೆ ಲೌಕಿಕ ನ್ಯಾಯದ ಎರಡು ತಕ್ಕಡಿಗಳು ಎರಡು ತೂಕ ತೋರಿದವು. ಕರ್ಮದ ತಕ್ಕಡಿಯು ತೂಗುವುದು ಭಾವವನ್ನು.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಜೈನ ಕುಟುಂಬಗಳು ಅನೇಕ; ಅಲ್ಲಿನ ಜೈನಸಂಘಗಳ ಒಕ್ಕೂಟವಾದ ಜೈನಾ ಸಂಸ್ಥೆಯು 1981ರಲ್ಲಿಯೇ ಸ್ಥಾಪಿತವಾಯಿತು. ಅವರಲ್ಲಿ ಕೆಲವರು ಒಂದು ಪಕ್ಷದವರು, ಕೆಲವರು ಇನ್ನೊಂದು ಪಕ್ಷದವರು. ಅನೇಕಾಂತವನ್ನು ಒಪ್ಪಿದವರಿಗೆ ಇದರಿಂದ ಕೇಡಿಲ್ಲ. ಯಾರಿಗೆ ಮತ ನೀಡಬೇಕೆಂದು ಧರ್ಮ ಹೇಳುವುದಿಲ್ಲ. ಆದರೆ ಹೆಸರಿಲ್ಲದ ನಿಂದೆಯು ಮನೆಬಾಗಿಲಿಗೆ ಬಂದಾಗ ಅದನ್ನು ಅಲ್ಲಿಯೇ ನಿಲ್ಲಿಸುವುದು ಶ್ರಾವಕನಿಗೆ ಸಾಧ್ಯವಾದ ವ್ರತ. ಮತಪತ್ರವು ಗುಪ್ತವಾದುದು, ಅದನ್ನು ಹಾಕುವ ಮನಸ್ಸು ಕರ್ಮಕ್ಕೆ ಗುಪ್ತವಲ್ಲ.