ದೂರದ ಬೆಟ್ಟ ಯಾರಿಗೆ ನುಣ್ಣಗೆ?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ‘ಮೋಸಹೋಗಬೇಡ’ ಎನ್ನುವ ಅರ್ಥದಲ್ಲಿ ಬಳಸುತ್ತೇವೆ. ಅದರೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಬೆಟ್ಟ ನುಣ್ಣಗೆ ಕಾಣುವುದು ದೂರದಲ್ಲಿ ನಿಂತವರಿಗೆ. ಅಲ್ಲೇ ಬದುಕುವವರಿಗೆ ಅದು ಕಲ್ಲು, ಇಳಿಜಾರು, ಚಳಿ, ಸೌದೆ, ಹೊಲ. ಬೆಟ್ಟ ಹೇಗಿರಬೇಕೆಂದು ತೀರ್ಮಾನಿಸುವ ಹಕ್ಕು ಈ ಇಬ್ಬರಲ್ಲಿ ಯಾರದು?

ಇಥಿಯೋಪಿಯಾದ ಉತ್ತರದಲ್ಲಿರುವ ಸಿಮಿಯೆನ್ ಪರ್ವತಗಳ ಚರಿತ್ರೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ನಾಲ್ಕೂವರೆ ಸಾವಿರ ಮೀಟರಿಗೂ ಎತ್ತರದ ರಾಸ್ ದೆಜೆನ್ ಶಿಖರ ಇರುವುದು ಇಲ್ಲಿ. ಗೋಡೆ ಕಡಿದಂತೆ ನೇರವಾಗಿ ಇಳಿಯುವ ಪ್ರಪಾತಗಳ ಅಂಚಿನಲ್ಲಿ ವಾಲಿಯಾ ಎಂಬ ಕಾಡುಮೇಕೆ ಮೇಯುತ್ತದೆ. ಜಗತ್ತಿನಲ್ಲಿ ಬೇರೆಲ್ಲೂ ಅದಿಲ್ಲ. ಎದೆಯ ಮೇಲೆ ಕೆಂಪು ಮಚ್ಚೆಯಿರುವ ಗೆಲಾಡಾ ಕೋತಿಗಳು ಹಗಲೆಲ್ಲ ಕುಳಿತು ದನಗಳಂತೆ ಹುಲ್ಲು ತಿಂದು, ಸಂಜೆ ಪ್ರಪಾತದ ಗೋಡೆಗಿಳಿದು ಮಲಗುತ್ತವೆ. ಅವೂ ಇಥಿಯೋಪಿಯಾದ ಎತ್ತರದ ನಾಡಿಗಷ್ಟೇ ಸೇರಿದವು. 1969ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. 1978ರಲ್ಲಿ ಯುನೆಸ್ಕೋ ಮೊದಲ ಬಾರಿಗೆ ವಿಶ್ವ ಪರಂಪರೆಯ ತಾಣಗಳನ್ನು ಆರಿಸಿದಾಗ ಆ ಹನ್ನೆರಡರಲ್ಲಿ ಸಿಮಿಯೆನ್ ಕೂಡ ಒಂದಾಗಿತ್ತು.

ಆದರೆ ಈ ಬೆಟ್ಟಗಳು ಯಾವತ್ತೂ ಖಾಲಿ ಇರಲಿಲ್ಲ. ಎತ್ತು ಕಟ್ಟಿ ಉಳುವ, ಬಾರ್ಲಿ ಬೆಳೆಯುವ, ಕುರಿ ಮೇಯಿಸುವ ಜನ ತಲೆಮಾರುಗಳಿಂದ ಅಲ್ಲಿದ್ದರು. 1996ರಲ್ಲಿ ಸಿಮಿಯೆನ್ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಸೇರಿತು. ವಾಲಿಯಾ ಕಡಿಮೆಯಾಗಿದೆ, ಉಳುಮೆ ಹೆಚ್ಚಿದೆ, ಮೇಯುವ ದನಕುರಿಗಳು ಹೆಚ್ಚಿವೆ, ರಸ್ತೆ ಬಂದಿದೆ ಎಂಬುವು ಕಾರಣಗಳು. 2016ರಲ್ಲಿ, ಸುಮಾರು 3,600 ಮೀಟರ್ ಎತ್ತರದಲ್ಲಿದ್ದ ಗಿಚ್ ಎಂಬ ಹಳ್ಳಿಯ ಜನರನ್ನು ಉದ್ಯಾನದಿಂದ ಹೊರಗೆ, ದೆಬಾರ್ಕ್ ಪಟ್ಟಣದ ಬಳಿಗೆ ಸಾಗಿಸಲಾಯಿತು. ಮರುವರ್ಷ, 2017ರಲ್ಲಿ, ಸಿಮಿಯೆನ್ ಅಪಾಯದ ಪಟ್ಟಿಯಿಂದ ಹೊರಬಂತು. ಹಳ್ಳಿ ಬೆಟ್ಟ ಬಿಟ್ಟಿತು, ಬೆಟ್ಟ ಪಟ್ಟಿ ಬಿಟ್ಟಿತು.

ಇದನ್ನು ಅನ್ಯಾಯ ಎಂದು ಕೂಡಲೇ ಕರೆದುಬಿಡುವುದು ಸುಲಭ. ಎದುರು ವಾದವೂ ಗಟ್ಟಿಯಾಗಿಯೇ ಇದೆ. ವಾಲಿಯಾಕ್ಕೆ ಇನ್ನೊಂದು ಬೆಟ್ಟವಿಲ್ಲ. ಮನುಷ್ಯರಿಗೆ ಇನ್ನೊಂದು ಕಡೆ ಮನೆ ಕಟ್ಟಿಕೊಡಬಹುದು, ಪರಿಹಾರ ಕೊಡಬಹುದು. ಒಮ್ಮೆ ಅಳಿದ ಜೀವಜಾತಿಗೆ ಯಾವ ಪರಿಹಾರವೂ ಇಲ್ಲ. ತುಂಬಿಕೊಡಲಾಗದ ನಷ್ಟವನ್ನು ತಪ್ಪಿಸಲು ತುಂಬಿಕೊಡಬಹುದಾದ ನಷ್ಟವನ್ನು ಒಪ್ಪಿಕೊಳ್ಳಬೇಕು. ಮಾತು ಬಾರದ ಪ್ರಾಣಿಯ ಪರವಾಗಿ ಯಾರಾದರೂ ಮಾತಾಡಲೇಬೇಕಲ್ಲ?

ಈ ವಾದದ ಮೊದಲ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ತೊಡಕಿರುವುದು ಎರಡನೆಯ ಅರ್ಧದಲ್ಲಿ. ಎತ್ತರದ ಚಳಿಯಲ್ಲಿ ಯಾವ ಇಳಿಜಾರಿನಲ್ಲಿ ಯಾವಾಗ ಬಿತ್ತಬೇಕು, ಯಾವ ಹುಲ್ಲು ಯಾವ ತಿಂಗಳಲ್ಲಿ ಕುರಿಗೆ ಆಗುತ್ತದೆ ಎಂಬ ತಿಳಿವಳಿಕೆ ಆ ಎತ್ತರದಲ್ಲಿ ಮಾತ್ರ ತಿಳಿವಳಿಕೆ. ಪಟ್ಟಣದ ಅಂಚಿನಲ್ಲಿ ಅದಕ್ಕೆ ಬೆಲೆಯಿಲ್ಲ. ನಿನ್ನೆಯವರೆಗೆ ನಿಪುಣನಾಗಿದ್ದ ರೈತ ಇವತ್ತು ಏನೂ ಬಾರದ ಕೂಲಿ. ಮನೆಗೆ ಮನೆ ಕೊಟ್ಟರೂ ಈ ನಷ್ಟ ತುಂಬುವುದಿಲ್ಲ. ವಾಲಿಯಾಕ್ಕೆ ಬೇರೆ ಬೆಟ್ಟವಿಲ್ಲ ಎನ್ನುವಾಗ ಈ ಜನರಿಗೂ ಬೇರೆ ಬೆಟ್ಟವಿಲ್ಲ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಅದೇ ಉದ್ಯಾನದೊಳಗೆ ಪ್ರವಾಸಿಗರಿಗೆ ವಸತಿಗೃಹವಿದೆ, ಡೇರೆ ಹಾಕಲು ಜಾಗಗಳಿವೆ. ಎರಡು ರಾತ್ರಿ ಮಲಗಿ ಹೋಗುವವರು ಅತಿಥಿಗಳು. ತಲೆಮಾರುಗಳಿಂದ ಮಲಗಿದವರು ಅತಿಕ್ರಮಣಕಾರರು. ಪ್ರವಾಸಿಗರ ಹಣದಿಂದಲೇ ಸಂರಕ್ಷಣೆ ನಡೆಯುತ್ತದೆ ಎನ್ನಬಹುದು, ಅದು ನಿಜವೂ ಇರಬಹುದು. ಆದರೆ ಆ ಉತ್ತರದಲ್ಲೇ ವ್ಯವಹಾರದ ಸ್ವರೂಪ ಬಯಲಾಗುತ್ತದೆ. ಬೆಟ್ಟ ಉಳಿಯಬೇಕೆಂದು ಬಯಸುವವರು ನಾವೆಲ್ಲ: ಸಾಕ್ಷ್ಯಚಿತ್ರ ನೋಡುವವರು, ವಿಮಾನ ಹತ್ತಿ ಹೋಗುವವರು, ಇಂಥ ಪ್ರಬಂಧ ಬರೆಯುವವರು. ಆ ಬಯಕೆಯ ಬೆಲೆ ತೆರುವವರು ಮಾತ್ರ ಕೆಲವೇ ಮನೆಗಳವರು. ಒಳ್ಳೆಯ ಉದ್ದೇಶವೊಂದು ಇಡೀ ಲೋಕದ್ದಾಗಿದ್ದು ಅದರ ಖರ್ಚು ಅತ್ಯಂತ ಬಡವರ ತಲೆಗೆ ಬಿದ್ದರೆ, ಉದ್ದೇಶ ಒಳ್ಳೆಯದು ಎಂಬ ಕಾರಣಕ್ಕೆ ಆ ಸಾಲ ತೀರುವುದಿಲ್ಲ.

ಮನುಷ್ಯರಿಲ್ಲದಿದ್ದರೆ ಮಾತ್ರ ಬೆಟ್ಟ ಉಳಿಯುತ್ತದೆ ಎಂಬ ನಂಬಿಕೆಗೆ ಅದೇ ಇಥಿಯೋಪಿಯಾದಲ್ಲಿ ಉತ್ತರವಿದೆ. ಸಿಮಿಯೆನ್‌ನ ದಕ್ಷಿಣಕ್ಕೆ, ಮೆಂಜ್ ಸೀಮೆಯಲ್ಲಿ ಗುವಾಸಾ ಎಂಬ ಎತ್ತರದ ಹುಲ್ಲುಗಾವಲಿದೆ. ಸುಮಾರು ನೂರು ಚದರ ಕಿಲೋಮೀಟರ್. ಹದಿನೇಳನೆಯ ಶತಮಾನದಿಂದ ಅಲ್ಲಿ ಖೆರೋ ಎಂಬ ಕಟ್ಟುಪಾಡು ನಡೆಯುತ್ತಿತ್ತು. ಊರವರೇ ಆರಿಸಿದ ಹಿರಿಯರು ಹುಲ್ಲುಗಾವಲನ್ನು ಕೆಲವು ವರ್ಷ ಪೂರ್ತಿ ಮುಚ್ಚುತ್ತಿದ್ದರು. ಹುಲ್ಲು ಬಲಿತ ಮೇಲೆ ತೆರೆಯುತ್ತಿದ್ದರು. ಆಗ ಚಾವಣಿಗೆ, ಹಗ್ಗಕ್ಕೆ, ದನದ ಮೇವಿಗೆ ಹುಲ್ಲು ಸಿಗುತ್ತಿತ್ತು. ನಿಯಮ ಮುರಿದವರಿಗೆ ಕಠಿಣ ಶಿಕ್ಷೆಯಿತ್ತು. ಅಲ್ಲಿ ಇವತ್ತಿಗೂ ಗೆಲಾಡಾಗಳಿವೆ. ಜಗತ್ತಿನಲ್ಲೇ ಐನೂರರಷ್ಟು ಮಾತ್ರ ಉಳಿದಿರುವ ಇಥಿಯೋಪಿಯಾದ ತೋಳಗಳೂ ಇವೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗುವಾಸಾದ ಸೋಜಿಗವೊಂದನ್ನು ದಾಖಲಿಸಿತು. ತೋಳಗಳು ಗೆಲಾಡಾ ಹಿಂಡಿನ ನಡುವೆ ಓಡಾಡುತ್ತ ಇಲಿ ಬೇಟೆಯಾಡುತ್ತವೆ, ಕೋತಿಮರಿಗಳ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಒಂಟಿಯಾಗಿದ್ದಾಗ ನೂರರಲ್ಲಿ 25 ಸಲ ಫಲಿಸುವ ಬೇಟೆ ಹಿಂಡಿನ ನಡುವೆ 67 ಸಲ ಫಲಿಸುತ್ತದೆ.

ಗುವಾಸಾವನ್ನು ಸ್ವರ್ಗವಾಗಿಸಬೇಕಿಲ್ಲ. ಖೆರೋ ಎಲ್ಲರಿಗೂ ಸಮಾನವಾಗಿರಲಿಲ್ಲ. ಹುಲ್ಲಿನ ಹಕ್ಕು ಮೂಲಪುರುಷರ ವಂಶದವರದ್ದಾಗಿತ್ತು, ಹೊರಗುಳಿದವರಿದ್ದರು. 1975ರ ಭೂಸುಧಾರಣೆ ಆ ಅಸಮಾನತೆಯನ್ನು ಮುರಿಯಿತು, ಜೊತೆಗೆ ಕಟ್ಟುಪಾಡನ್ನೂ ಸಡಿಲಿಸಿತು. ಮುಂದೆ ಸ್ಥಳೀಯರೇ ಅದನ್ನು ಬೇರೆ ರೂಪದಲ್ಲಿ ಮತ್ತೆ ಕಟ್ಟಿಕೊಂಡರು. ಆದರೂ ಒಂದು ವ್ಯತ್ಯಾಸ ಮುಖ್ಯ. ಅಲ್ಲಿ ‘ಬೇಡ’ ಎಂದವರು ತಾವೂ ಹುಲ್ಲಿಲ್ಲದೆ ಕಾಯುತ್ತಿದ್ದರು. ನಿಷೇಧ ಹಾಕಿದವರ ಮನೆಯ ಚಾವಣಿಯೂ ಸೋರುತ್ತಿತ್ತು. ತ್ಯಾಗ ಬೇಡುವವರು ತಾವೂ ಅದರಲ್ಲಿ ಪಾಲುದಾರರಾಗಿರಬೇಕು ಎಂಬುದೇ ಗುವಾಸಾದಿಂದ ಎತ್ತಿಕೊಳ್ಳಬಹುದಾದ ನೀತಿ.

ಸಿಮಿಯೆನ್‌ನಲ್ಲಿ ಹಾಗಾಗಲಿಲ್ಲ. 2020ರ ಕೊನೆಯಲ್ಲಿ ಉತ್ತರ ಇಥಿಯೋಪಿಯಾದಲ್ಲಿ ಯುದ್ಧ ಶುರುವಾಯಿತು. ಆ ವರ್ಷಗಳ ನಂತರ, ಒಮ್ಮೆ ಏರಿದ್ದ ವಾಲಿಯಾಗಳ ಸಂಖ್ಯೆ ಮತ್ತೆ ಕುಸಿದಿದೆ. ಹಳ್ಳಿಯಿದ್ದಿದ್ದರೆ ಅವು ಉಳಿಯುತ್ತಿದ್ದವು ಎಂದು ಹೇಳಲಾಗದು. ಆದರೆ ಜನರನ್ನು ಕಳಿಸಿದ ಮಾತ್ರಕ್ಕೆ ಬೆಟ್ಟ ಸುರಕ್ಷಿತವಾಗುವುದಿಲ್ಲ ಎಂದು ಖಂಡಿತ ಹೇಳಬಹುದು.

ಹಾಗಾದರೆ ದೂರದವರಾದ ನಮಗೆ ಯಾವ ಹಕ್ಕೂ ಇಲ್ಲವೇ? ಇದೆ ಎಂದೇ ನನ್ನ ಉತ್ತರ. ವಾಲಿಯಾ ಅಳಿದರೆ ಜಗತ್ತೇ ಬಡವಾಗುತ್ತದೆ, ಆ ಮಾತನ್ನು ಎಲ್ಲಿಂದಲಾದರೂ ಹೇಳಬಹುದು. ಆದರೆ ಹಕ್ಕು ಬಂದರೆ ಅದರ ಬೆನ್ನಿಗೆ ಬಾಕಿಯೂ ಬರುತ್ತದೆ. ‘ಇದು ಎಲ್ಲರ ಬೆಟ್ಟ’ ಎನ್ನುವವರು ಖರ್ಚೂ ಎಲ್ಲರದು ಎಂದು ಒಪ್ಪಬೇಕು. ಬೆಟ್ಟದ ಮೇಲಿನವರಿಗೆ ‘ಒಲ್ಲೆ’ ಎನ್ನುವ ಅವಕಾಶವಿರಬೇಕು, ಆ ಮಾತಿಗೆ ತೂಕವೂ ಇರಬೇಕು. ಅಲ್ಲಿಯವರೆಗೆ ನಾವು ಮೆಚ್ಚುವ ಆ ನುಣುಪು ಯಾರೋ ಬಿಟ್ಟುಹೋದ ಹೊಲದ ಮೇಲೆ ಬೆಳೆದ ಹುಲ್ಲು.