ಸೋಂಕಿನಲ್ಲಿ ದೈವವೆಷ್ಟು, ಪುರುಷಪ್ರಯತ್ನವೆಷ್ಟು?

ಒಂದೇ ರೋಗವು ಒಂದು ದೇಶದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿ ಇನ್ನೊಂದರಲ್ಲಿ ಹತೋಟಿಗೆ ಸಿಕ್ಕಿದರೆ, ಮೊದಲನೆಯವರು ಅವಿವೇಕಿಗಳು, ಎರಡನೆಯವರು ವಿವೇಕಿಗಳು ಎಂದು ತೀರ್ಮಾನಿಸುವುದು ಜನಸ್ವಭಾವ. 2020ರಲ್ಲಿ ಕೊರೋನಾ ಮಹಾಮಾರಿಯು ಲೋಕವನ್ನೆಲ್ಲ ಸುತ್ತಿದಾಗ ಇಂತಹ ತೀರ್ಪುಗಳು ಎಲ್ಲೆಡೆಯೂ ಕೇಳಿಬಂದವು. ಈ ತೀರ್ಪು ನ್ಯಾಯವಾದುದೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಕಾರ್ಯದ ಫಲಕ್ಕೆ ದೈವ ಮತ್ತು ಪುರುಷಪ್ರಯತ್ನ ಎಂಬ ಎರಡು ಕಾರಣಗಳನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ದೈವವೆಂದರೆ ಹಣೆಯ ಬರಹವೆಂದೇ ತಿಳಿಯಬೇಕಾಗಿಲ್ಲ. ಮನುಷ್ಯನು ತಾನಾಗಿ ಆರಿಸಿಕೊಳ್ಳದೆ ಅವನ ಪಾಲಿಗೆ ಬಂದುದೆಲ್ಲವನ್ನೂ ದೈವವೆನ್ನಬಹುದು. ಸೋಂಕಿನ ವಿಷಯದಲ್ಲಿ ಇದರ ಪಾಲು ಸಣ್ಣದಲ್ಲ. ಮೊದಲನೆಯದು ರೋಗಾಣುವಿನ ಸ್ವಭಾವ. 2003ರ ಸಾರ್ಸ್ ರೋಗವು ಸುಮಾರು 8,000 ಜನರಿಗೆ ತಗಲಿ 774 ಮಂದಿಯನ್ನು ಬಲಿತೆಗೆದುಕೊಂಡಿತು. ಆದರೆ ಆ ರೋಗಿಗಳು ಬಹುಮಟ್ಟಿಗೆ ಕಾಯಿಲೆ ಬಲಿತ ಮೇಲೆಯೇ ಸೋಂಕು ಹರಡುತ್ತಿದ್ದುದರಿಂದ ಅವರನ್ನು ಗುರುತಿಸಿ ಬೇರೆಯಿರಿಸುವುದು ಸಾಧ್ಯವಾಯಿತು. 2019ರ ಕೊನೆಯಲ್ಲಿ ವುಹಾನ್ ನಗರದಲ್ಲಿ ಕಾಣಿಸಿದ ಸೋಂಕಾದರೋ ಲಕ್ಷಣಗಳು ತೋರುವ ಮೊದಲೇ ಇನ್ನೊಬ್ಬರಿಗೆ ದಾಟುವಂತಹುದು. ಎರಡನೆಯದು ಆಕಸ್ಮಿಕ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 61 ಮಂದಿ ಕೂಡಿ ವೃಂದಗಾನದ ಅಭ್ಯಾಸ ನಡೆಸಿದರು. ಅವರಲ್ಲಿ 53 ಮಂದಿಗೆ ರೋಗ ತಗಲಿತು ಅಥವಾ ತಗಲಿರಬೇಕೆಂದು ಎಣಿಸಲಾಯಿತು, ಇಬ್ಬರು ತೀರಿಕೊಂಡರು. ಅದೇ ವಾರ ಜಗತ್ತಿನಲ್ಲಿ ಎಷ್ಟೋ ಕೂಟಗಳು ನಡೆದು ಏನೂ ಆಗದೆ ಮುಗಿದವು. ಮೂರನೆಯದು ದೇಶದ ಸ್ಥಿತಿ. 2020ರಲ್ಲಿ ಇಟಲಿಯಲ್ಲಿ ನೂರಕ್ಕೆ ಸುಮಾರು 23 ಜನ 65 ವರ್ಷ ದಾಟಿದವರಾಗಿದ್ದರು. ಆದುದರಿಂದ ಅಲ್ಲಿ ಸಾವು ಹೆಚ್ಚಿತು. ನ್ಯೂಜಿಲೆಂಡಿಗೆ ಸುತ್ತಲೂ ಸಮುದ್ರವೇ ಕೋಟೆ. ಮುಪ್ಪು ಇಟಲಿಯ ದೋಷವಲ್ಲ, ಸಮುದ್ರ ನ್ಯೂಜಿಲೆಂಡಿನ ಪುಣ್ಯವಲ್ಲ.

ಹಾಗಾದರೆ ಪ್ರಯತ್ನ ನಿಷ್ಫಲವೇ? ಅಲ್ಲ. ಅಮೆರಿಕ ಮತ್ತು ದಕ್ಷಿಣ ಕೊರಿಯಾ ದೇಶಗಳಲ್ಲಿ ಮೊದಲ ರೋಗಿಯು ಪತ್ತೆಯಾದುದು ಒಂದೇ ದಿನ, 2020ರ ಜನವರಿ 20ರಂದು. ಕೊರಿಯಾದವರು ಬೇಗನೆ ಪರೀಕ್ಷೆಗಳನ್ನು ಸಿದ್ಧಪಡಿಸಿ, ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕಿ, ಡೇಗು ನಗರದಲ್ಲಿ ಒಂದು ಧಾರ್ಮಿಕ ಪಂಗಡದ ಮೂಲಕ ಎದ್ದ ದೊಡ್ಡ ಅಲೆಯನ್ನೂ ದೇಶಕ್ಕೆ ಬೀಗ ಹಾಕದೆಯೇ ತಗ್ಗಿಸಿದರು. ಆದರೆ ಈ ಸಿದ್ಧತೆಯ ಹಿಂದೆ 2015ರ ಪೆಟ್ಟು ಇತ್ತು. ಆ ವರ್ಷ ಒಬ್ಬ ಪ್ರಯಾಣಿಕನಿಂದ ಬಂದ ಮೆರ್ಸ್ ರೋಗವು ಅಲ್ಲಿ 186 ಮಂದಿಗೆ ತಗಲಿ 38 ಮಂದಿ ಸತ್ತಿದ್ದರು. ಪೆಟ್ಟು ದೈವ, ಅದರಿಂದ ಪಾಠ ಕಲಿತುದು ಪುರುಷಪ್ರಯತ್ನ. ಇವೆರಡನ್ನೂ ಪೂರ್ತಿಯಾಗಿ ಬಿಡಿಸಿ ತೂಗುವ ತಕ್ಕಡಿ ನಮ್ಮಲ್ಲಿಲ್ಲ.

ಇನ್ನು ಎರಡು ನಿದರ್ಶನಗಳನ್ನು ನೋಡಬೇಕು. ಪೆರು ದೇಶವು 2020ರ ಮಾರ್ಚ್ 16ರಿಂದಲೇ ಜನರನ್ನು ಮನೆಯಲ್ಲಿರಿಸುವ ಕಠಿಣ ಆಜ್ಞೆಯನ್ನು ಹೊರಡಿಸಿತು. ಹಾಗಿದ್ದರೂ ಜನಸಂಖ್ಯೆಗೆ ಹೋಲಿಸಿದರೆ ಅಲ್ಲಿ ಸತ್ತವರ ಪ್ರಮಾಣ ಜಗತ್ತಿನಲ್ಲಿಯೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅಲ್ಲಿನ ಸುಮಾರು ಅರ್ಧದಷ್ಟು ಮನೆಗಳಲ್ಲಿ ರೆಫ್ರಿಜರೇಟರ್ ಇರಲಿಲ್ಲ. ಆದುದರಿಂದ ಜನರು ಮತ್ತೆ ಮತ್ತೆ ಸಂತೆಗೆ ಹೋಗಲೇಬೇಕಾಯಿತು. ಪರಿಹಾರಧನಕ್ಕಾಗಿ ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಲ್ಲಬೇಕಾಯಿತು. ಇವರನ್ನು ಶಿಸ್ತಿಲ್ಲದವರೆಂದು ಹಳಿಯುವುದು ಹೇಗೆ? ಇನ್ನು ಸಿಂಗಪುರವು ಆರಂಭದಲ್ಲಿ ಎಲ್ಲರ ಮೆಚ್ಚುಗೆಯನ್ನು ಪಡೆದಿತ್ತು. ಅದೇ ಏಪ್ರಿಲಿನಲ್ಲಿ ಹೊರದೇಶಗಳಿಂದ ಬಂದ ಕೂಲಿಗಾರರ ವಸತಿಗಳಲ್ಲಿ ಸೋಂಕು ಸ್ಫೋಟಿಸಿತು. ಒಂದೊಂದು ಕೋಣೆಯಲ್ಲಿ ಹಲವರು ಮಲಗಿ, ಸ್ನಾನದ ಮನೆ ಅಡಿಗೆಮನೆಗಳನ್ನು ಹಂಚಿಕೊಳ್ಳುವ ಆ ಕೂಲಿಗಾರನಿಗೆ ಅದು ದೈವ. ಆದರೆ ಆ ಕೋಣೆಯ ಅಳತೆಯನ್ನು ಗೊತ್ತುಮಾಡಿದವನೊಬ್ಬನು ಇದ್ದನಷ್ಟೆ? ಇಲ್ಲಿಯೇ ಪ್ರಶ್ನೆಯ ಗಂಟು ಬಿಚ್ಚುತ್ತದೆ. ಒಬ್ಬನ ಪಾಲಿನ ದೈವವು ಅನೇಕ ವೇಳೆ ಇನ್ನೊಬ್ಬನ ಪುರುಷಪ್ರಯತ್ನ, ಅಥವಾ ಅವನ ಉದಾಸೀನ.

ಗಡಿನಾಡಿನ ನಮಗೆ ಈ ಮಾತಿಗೆ ಸಾಕ್ಷಿ ದೂರದಲ್ಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಿಂದ ಕರ್ನಾಟಕಕ್ಕೆ ಹೋಗುವ ದಾರಿಗಳು ಮುಚ್ಚಿದವು. ಕೆಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ತಲೆಮಾರುಗಳಿಂದ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದವರು ತಲಪಾಡಿಯಲ್ಲಿ ನಿಂತರು. ಆಸ್ಪತ್ರೆ ಸೇರಲಾಗದೆ ಹಲವರು ಸತ್ತರೆಂದು ವರದಿಯಾಯಿತು. ಪ್ರಕರಣ ನ್ಯಾಯಾಲಯಗಳಿಗೆ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಡುವ ಏರ್ಪಾಡಾಯಿತು. ಸಂಚಾರವನ್ನು ತಡೆದರೆ ಸೋಂಕು ಕುಗ್ಗುವುದೆಂಬ ವಾದ ಸುಳ್ಳಲ್ಲ; ಆಗ ಕಾಸರಗೋಡಿನಲ್ಲಿ ರೋಗಿಗಳ ಸಂಖ್ಯೆ ಏರುತ್ತಿದ್ದುದೂ ನಿಜ. ಆದರೆ 1956ರಲ್ಲಿ ಎಳೆದ ಗೆರೆಯ ಯಾವ ಬದಿಯಲ್ಲಿ ತಾನಿರಬೇಕೆಂಬುದನ್ನು ಆ ರೋಗಿಯು ಆರಿಸಿಕೊಂಡಿರಲಿಲ್ಲ. ಬಹುಜನರ ರಕ್ಷಣೆಗಾಗಿ ಬಾಗಿಲು ಮುಚ್ಚುವವನು, ಆ ಬಾಗಿಲಿನಿಂದ ಹೊರಗುಳಿದವನಿಗೆ ಬೇರೊಂದು ದಾರಿಯನ್ನು ಮೊದಲೇ ಯೋಚಿಸಿರಬೇಕು. ಇಲ್ಲವಾದರೆ ಆ ರಕ್ಷಣೆಯ ಬೆಲೆಯನ್ನು ತೆರುವವನು ಅತ್ಯಂತ ದುರ್ಬಲನೇ ಆಗುತ್ತಾನೆ.

ಆದುದರಿಂದ ಹೊಣೆಯನ್ನು ಶಕ್ತಿಗೆ ತಕ್ಕಂತೆ ಹಂಚಬೇಕೆಂದು ನಮ್ಮ ಅಭಿಪ್ರಾಯ. ಮನೆಯಲ್ಲಿ ಪ್ರತ್ಯೇಕ ಕೋಣೆಯೂ ಕೈಯಲ್ಲಿ ಹಣವೂ ಇದ್ದು, ಜ್ವರವನ್ನು ಮುಚ್ಚಿಟ್ಟುಕೊಂಡು ಮದುವೆಗೆ ಹೋದವನು ದೈವದ ಹೆಸರು ಹೇಳಿ ತಪ್ಪಿಸಿಕೊಳ್ಳಲಾರನು. ದಿನಗೂಲಿಯಿಲ್ಲದೆ ಉಣ್ಣಲಾರದವನಿಗೆ ಮನೆಯಲ್ಲಿರು ಎಂದು ವಿಧಿಸುವವರು ಅನ್ನವನ್ನು ಮನೆಗೆ ಮುಟ್ಟಿಸಿದಾಗ ಮಾತ್ರ ಅದು ಅವನ ಕರ್ತವ್ಯವಾಗುತ್ತದೆ. ತರಗತಿಯಲ್ಲಿ ದೇಶದೇಶಗಳ ಸಾವಿನ ಅಂಕಿಗಳನ್ನು ವಿದ್ಯಾರ್ಥಿಗಳ ಮುಂದಿಡುವ ಉಪಾಧ್ಯಾಯರು, ಯಾರು ಗೆದ್ದರು, ಯಾರು ಸೋತರು ಎಂದು ಕೇಳುವುದಕ್ಕಿಂತ, ಯಾರ ಕೈಯಲ್ಲಿ ಏನಿತ್ತು, ಅದನ್ನು ಅವರು ಯಾರಿಗಾಗಿ ಬಳಸಿದರು ಎಂದು ಕೇಳಿಸುವುದು ಮೇಲು. ಮುಂದಿನ ಮಾರಿ ಬರುವಾಗ ಈ ವಿದ್ಯಾರ್ಥಿಗಳಲ್ಲೇ ಕೆಲವರು ಕೋಣೆಯ ಅಳತೆಯನ್ನು ಗೊತ್ತುಮಾಡುವ ಸ್ಥಾನದಲ್ಲಿರುತ್ತಾರೆ.